ಹಾಲಸ್ವಾಮಿ ಸರ್ ಕಂಪ್ಯೂಟರಿಗೆ ನಾನು ಹೊಕ್ಕ ಪ್ರಕರಣ

೯ ಜೂನ್ ೨೦೦೩, ಸೋಮವಾರ

ಕೊಟ್ಟೂರು ನಿವಾಸಿ ಭೀಮರಾಜ ಇವರ ಒಬ್ಬಳೇ ಮಗಳಾದ ಕ್ರಾಂತಿ ಎಂಬ ನಾನು, ವಯಸ್ಸು ಇಪ್ಪತ್ತು, ಬಿ.ಕಾಂ. ಬರೆದು ಫಲಿತಾಂಶಕ್ಕೆ ಕಾದು ಕೂತವಳು, ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥ ಚಿತ್ತದಿಂದ ಬರೆದಿಡುವುದೇನೆಂದರೆ: ಇಂದು ಬೆಳಗ್ಗೆ ನಾನು ಒಂದು ಮಹಾ ಸಂಶೋಧನೆ ಮಾಡಿದ್ದೇನೆ.

ಈ ಭಾಷೆ ಅಪ್ಪನಿಂದ ಬಂದದ್ದು. ಅಪ್ಪ ಕೂಡ್ಲಿಗಿ ಕೋರ್ಟಿನಲ್ಲಿ ಜವಾನ. ಬಿಳಿ ಡ್ರೆಸ್ಸು ಹಾಕಿಕೊಂಡು ಬಾಗಿಲಲ್ಲಿ ನಿಂತು ವಾದಿ, ಪ್ರತಿವಾದಿ, ಆರೋಪಿಗಳ ಹೆಸರನ್ನು ಮೂರು ಮೂರು ಸಲ ಕೂಗುವುದು ಅವನ ಕೆಲಸ. ಇಪ್ಪತ್ತೆರಡು ವರ್ಷದಿಂದ ಕೂಗುತ್ತಿದ್ದಾನೆ. ಮನೆಯಲ್ಲಿ ಉಪ್ಪು ಕೇಳಿದರೂ ಅಕ್ಕಪಕ್ಕದವರು ಎದ್ದು ನಿಲ್ಲುತ್ತಾರೆ.

ಸಂಶೋಧನೆ ಇದು: ನಮ್ಮೂರಿನಲ್ಲಿ ಯಾರೇ ಕಂಪ್ಯೂಟರ್ ತಂದರೂ ಅದಕ್ಕೆ ಪಾಸ್‌ವರ್ಡ್ ಇಡುವುದು ತಮ್ಮ ಮನೆದೇವರ ಹೆಸರನ್ನು. ದೇವರು ಕಾಯುತ್ತಾನೆ ಎಂಬ ನಂಬಿಕೆ. ಆದರೆ ನಿಮ್ಮ ಮನೆದೇವರು ಯಾವುದು ಎಂದು ಈ ಸೀಮೆಯಲ್ಲಿ ಯಾರು ಬೇಕಾದರೂ ಯಾರನ್ನು ಬೇಕಾದರೂ ಕೇಳಬಹುದು. ಸಂಬಂಧ ನೋಡುವಾಗ ಕೇಳುತ್ತಾರೆ, ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಕೇಳುತ್ತಾರೆ. ನಮ್ಮ ಕೇರಿಯವರನ್ನು ಕೇಳುವಾಗ ಮಾತ್ರ ಕೇಳಿದವರ ಕಣ್ಣು ಬೇರೇನನ್ನೋ ಹುಡುಕುತ್ತಿರುತ್ತದೆ. ಅಪ್ಪ ಬುದ್ಧ ಅನ್ನುತ್ತಾನೆ. ಅವರು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತಾರೆ. ಇರಲಿ. ಈಗ ಆ ಪ್ರಶ್ನೆ ಕೇಳುವ ಸರದಿ ನನ್ನದು.

ಜೆರಾಕ್ಸ್ ಅಂಗಡಿಯವರು ಮೈಲಾರಲಿಂಗ ಎಂದರು. ಅವರು ಕಾಗದದ ಕಟ್ಟು ತರಲು ಒಳಗೆ ಹೋದಾಗ ಒತ್ತಿ ನೋಡಿದೆ. ಬಾಗಿಲು ತೆರೆಯಿತು. ಗೊಬ್ಬರದಂಗಡಿಯವರು ಉಚ್ಚಂಗೆಮ್ಮ ಎಂದರು. ಅದೂ ತೆರೆಯಿತು. ಎರಡೂ ಕಡೆ ಒಳಗೆ ಇಣುಕಿ, ಗೌರವದಿಂದ ಮುಚ್ಚಿ ಬಂದೆ.

೧೨ ಜೂನ್, ಗುರುವಾರ

ಈಗ ದೊಡ್ಡ ಕೋಟೆ.

ನಾನು ಮತ್ತು ನನ್ನ ಗೆಳತಿ ಶೈಲಾ ಕಲಿಯಲು ಹೋಗುವ ಕಂಪ್ಯೂಟರ್ ಕೇಂದ್ರ ಹಾಲಸ್ವಾಮಿ ಸರ್ ಅವರದು. ಮೊದಲು ಅದು ಟೈಪಿಂಗ್ ಶಾಲೆ. ಸರ್ ಬೆರಳು ಆಡಿಸಿದರೆ ಮಳೆ ಬಿದ್ದ ಹಾಗೆ ಸದ್ದು ಬರುತ್ತಿತ್ತಂತೆ. ನಮ್ಮ ಕೇರಿಯ ಹನ್ನೊಂದು ಮಂದಿ ಅಲ್ಲಿ ಟೈಪಿಂಗ್ ಕಲಿತು ನೌಕರಿಗೆ ಸೇರಿದ್ದಾರೆ. ಅದಕ್ಕೇ ಅಪ್ಪ ಅವರನ್ನು ಕಂಡರೆ ಸೈಕಲ್ ಇಳಿಯುತ್ತಾನೆ. ಎರಡು ವರ್ಷದ ಕೆಳಗೆ ಟೈಪ್‌ರೈಟರುಗಳು ಅಟ್ಟಕ್ಕೇರಿ, ಎಂಟು ಕಂಪ್ಯೂಟರ್ ಬಂದವು. ಒಂಬತ್ತನೆಯದು ಗಾಜಿನ ಕೋಣೆಯಲ್ಲಿದೆ. ಅದನ್ನು ಸರ್ ಬಿಟ್ಟು ಯಾರೂ ಮುಟ್ಟುವಂತಿಲ್ಲ. ದಿನಾ ಬೆಳಗ್ಗೆ ಅದಕ್ಕೆ ವಿಭೂತಿ, ಊದಿನಕಡ್ಡಿ. ಎಲ್ಲರೂ ಚಪ್ಪಲಿಯನ್ನು ಮೆಟ್ಟಿಲ ಮೇಲಿನ ಹೊರಬಾಗಿಲಲ್ಲೇ ಬಿಡಬೇಕು. ದೂಳು ಹೋದರೆ ಯಂತ್ರ ಕೆಡುತ್ತದೆ ಎಂಬುದು ಒಂದು ಕಾರಣ, ವಿದ್ಯೆ ಎಂಬುದು ಇನ್ನೊಂದು.

ಇಂದು ಕೈಕಟ್ಟಿ ನಿಂತು ಮನೆದೇವರನ್ನು ಕೇಳಿದೆ. ಸರ್ ಎರಡೂ ಕೈ ಜೋಡಿಸಿ, ಕುರುವತ್ತಿ ಬಸವಣ್ಣ, ಯಾಕವ್ವಾ ಎಂದರು. ಜ್ಞಾನಕ್ಕೋಸ್ಕರ ಎಂದೆ. ಸುಳ್ಳಲ್ಲ.

೧೪ ಜೂನ್, ಶನಿವಾರ

ಸರ್ ಒಂದೂವರೆಗೆ ಊಟಕ್ಕೆ ಹೋಗಿ ಎರಡೂವರೆಗೆ ಬರುತ್ತಾರೆ. ಬಾಗಿಲು ಬರೀ ಎಳೆದಿರುತ್ತದೆ, ಬೀಗ ಇಲ್ಲ. ಎರಡಕ್ಕೆ ಒಳಗೆ ಹೋದೆ. ಕುರುವತ್ತಿ ಬಸವಣ್ಣನ ಕೃಪೆ, ಮೊದಲ ಸಲಕ್ಕೇ ತೆರೆಯಿತು.

ಒಳಗೆ ಏನಿತ್ತು ಗೊತ್ತೇ? ಈ ಕೇಂದ್ರದ ಬೋರ್ಡು ಹೊಸಪೇಟೆಯ ಒಂದು ಸಂಸ್ಥೆಯದು. ಅದನ್ನು ಹಾಕಿಕೊಂಡು ನಡೆಸುವವರು ಆ ಸಂಸ್ಥೆಯ ಶಿಕ್ಷಕರ ಪರೀಕ್ಷೆ ಪಾಸಾಗಬೇಕು. ನಮ್ಮ ಸರ್ ಎರಡು ಸಲ ಕೂತು ಎರಡು ಸಲವೂ ಫೇಲು! ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನೂರಕ್ಕೆ ಮೊದಲು ಹದಿನಾಲ್ಕು, ಆಮೇಲೆ ಹನ್ನೊಂದು. ಮೂರನೇ ಸಲವೂ ಹೋದರೆ ಬೋರ್ಡು ಇಳಿಸಬೇಕು ಎಂದು ಸಂಸ್ಥೆಯವರು ಬರೆದಿದ್ದಾರೆ. ಅದಕ್ಕೆ ಸರ್ ಸಮಜಾಯಿಷಿ ಬರೆದಿದ್ದಾರೆ, ಏಳು ಪ್ರತಿ. ಮೊದಲನೆಯದರಲ್ಲಿ ಪರೀಕ್ಷೆಯ ದಿನ ಅವರಿಗೇ ಜ್ವರ. ಎರಡನೆಯದರಲ್ಲಿ ಮನೆಯವರಿಗೆ ಜ್ವರ. ನಾಲ್ಕನೆಯದರಲ್ಲಿ ಬಸ್ಸು ಮರಿಯಮ್ಮನಹಳ್ಳಿ ಹತ್ತಿರ ಕೆಟ್ಟು ನಿಂತಿದೆ. ಏಳನೆಯದರಲ್ಲಿ ಜ್ವರ ಬಂದವರನ್ನು ಕೂರಿಸಿಕೊಂಡ ಬಸ್ಸೇ ಕೆಟ್ಟಿದೆ. ಒಂದನ್ನೂ ಕಳಿಸಿಲ್ಲ.

ಬಾಯಿಗೆ ದುಪಟ್ಟಾ ತುರುಕಿಕೊಂಡು ನಕ್ಕೆ. ಸೋಮವಾರ ಶೈಲಾಗೆ ಹೇಳಬೇಕು.

೧೭ ಜೂನ್, ಮಂಗಳವಾರ

ಶೈಲಾಗೆ ನಿನ್ನೆ ಹೇಳಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಮಿರ್ಚಿ ಮಂಡಕ್ಕಿ ಬಂತು. ಆಮೇಲೆ ಮರೆತೆ. ಇನ್ನೊಂದು ದಿನ ಹೇಳಿದರಾಯಿತು.

ಅದಕ್ಕಿಂತ ದೊಡ್ಡ ಕೆಲಸ ಮಾಡಿದ್ದೇನೆ. ಸುಮ್ಮನೆ ಬಿಟ್ಟರೆ ಸರ್ ಕಂಪ್ಯೂಟರಿನ ಪರದೆಯ ಮೇಲೆ ಮೀನು ಈಜುತ್ತಿದ್ದವು. ಮೀನುಗಳನ್ನು ಓಡಿಸಿ ಅಕ್ಷರ ಹರಿಸಿದೆ: ‘ಹಾಲಸ್ವಾಮಿಯವರೇ, ಬಹಳ ಹೊತ್ತಿನಿಂದ ಕೂತಿದ್ದೀರಿ. ಬಸ್‌ಸ್ಟ್ಯಾಂಡಿನವರೆಗೆ ನಡೆದು ಬನ್ನಿ. ಇಂತಿ ತಮ್ಮ ವಿಧೇಯ ಗಣಕಯಂತ್ರ.’

ಸಂಜೆ ನಾಲ್ಕಕ್ಕೆ ಸರ್ ಅದನ್ನು ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು. ಎದ್ದು ಚಪ್ಪಲಿ ಮೆಟ್ಟಿ ನಡೆದೇಬಿಟ್ಟರು! ನಾವು ಹನ್ನೆರಡು ಮಂದಿ ಕಿಟಕಿಗೆ ಮುತ್ತಿದೆವು. ಕೊಡೆ ಹಿಡಿದು, ಗಂಭೀರವಾಗಿ, ಬಸ್‌ಸ್ಟ್ಯಾಂಡ್ ಮುಟ್ಟಿ ವಾಪಸು ಬಂದರು.

೨೦ ಜೂನ್, ಶುಕ್ರವಾರ

ದಿನಾ ನಡೆಯುತ್ತಿದ್ದಾರೆ. ಹೊಸ ಸಾಫ್ಟ್‌ವೇರಿನಲ್ಲಿ ಹೀಗೆ ಆರೋಗ್ಯ ನೋಡಿಕೊಳ್ಳುವ ಏರ್ಪಾಡು ಇರುತ್ತದೆ, ಕಂಪ್ಯೂಟರ್ ಜೋಡಿಸಿದ ದಾವಣಗೆರೆಯ ಎಂಜಿನಿಯರು ಹೇಳದೇ ಹಾಕಿಹೋಗಿದ್ದಾರೆ ಎಂದು ನಮಗೇ ಪಾಠ ಮಾಡಿದರು. ಶೈಲಾ ಟಿಪ್ಪಣಿ ಬರೆದುಕೊಂಡಳು. ನಾನು ಎರಡು ಪ್ರಶ್ನೆ ಕೇಳಿದೆ.

ಇಂದಿನ ಆದೇಶ: ‘ನೀರು ಕುಡಿಯಿರಿ.’ ಕುಡಿದರು.

೨೪ ಜೂನ್, ಮಂಗಳವಾರ

ಪ್ರಕರಣಕ್ಕೆ ಹೊಸ ತಿರುವು. ಇಂದು ಒಳಗೆ ಹೋದರೆ ಪರದೆಯ ಮೇಲೆ ಸರ್ ಇಟ್ಟ ಹೊಸ ಕಡತ. ಮೇಲೆ ‘ಗಣಕಯಂತ್ರಕ್ಕೆ’ ಎಂದಿತ್ತು. ‘ತಮ್ಮ ಸಲಹೆಯಿಂದ ಮಂಡಿನೋವು ಕಡಿಮೆಯಾಗಿದೆ. ತಮಗೆ ತಿಳಿದಿರುವುದರಿಂದ ಒಂದು ಪ್ರಶ್ನೆ. ಸಿ ಭಾಷೆಯಲ್ಲಿ ಪಾಯಿಂಟರ್ ಎಂದರೇನು? ಪುಸ್ತಕ ಮೂರು ಸಲ ಓದಿದೆ. ಯಾರನ್ನಾದರೂ ಕೇಳೋಣವೆಂದರೆ ಕೇಳುವ ಸ್ಥಿತಿಯಲ್ಲಿ ನಾನಿಲ್ಲ.’

ಅಕ್ಷರದ ನಡುವಿನ ಜಾಗ ಎಷ್ಟು ಒಪ್ಪವಾಗಿತ್ತೆಂದರೆ, ಟೈಪಿಂಗಿನವರ ಕೈ.

ಯಾಕೋ ನಗು ಬರಲಿಲ್ಲ. ಹೊಟ್ಟೆ ಸರಿ ಇಲ್ಲವೋ ಏನೋ. ಪಾಯಿಂಟರನ್ನು ನಾನು ಲೈಬ್ರರಿ ಪುಸ್ತಕದಿಂದ ಕಲಿತಿದ್ದೇನೆ. ಗುರುವಾರ ಉತ್ತರ ಬರೆಯುತ್ತೇನೆ, ಚಿತ್ರ ಹಾಕಿ.

೨೬ ಜೂನ್, ಗುರುವಾರ

ಸಿಕ್ಕಿಬಿದ್ದೆ.

೨೭ ಜೂನ್, ಶುಕ್ರವಾರ

ನಿನ್ನೆ ಅಷ್ಟೇ ಬರೆದು ಮಲಗಿದೆ. ಇಂದು ವಿವರ.

ಪಾಯಿಂಟರಿಗೆ ಚಿತ್ರ ಹಾಕಿ ಅರ್ಧ ಮುಗಿಸಿದ್ದೆ. ಸರ್ ಕನ್ನಡಕ ಮರೆತು ಹೋಗಿದ್ದವರು ಎರಡೂಕಾಲಿಗೇ ಬಂದರು. ಯಾರೂ ಇರಬಾರದ ಹೊತ್ತು. ಆದರೆ ಹೊರಬಾಗಿಲಲ್ಲಿ ನೇರಳೆ ಪಟ್ಟಿಯ ಚಪ್ಪಲಿ ಒಂದು ಜೊತೆ, ಅಕ್ಕಪಕ್ಕ, ನೆಟ್ಟಗೆ. ನನ್ನವು. ಕದ್ದು ಒಳಗೆ ಹೋಗುವವಳು ಚಪ್ಪಲಿ ಬಿಟ್ಟು ಹೋಗಿದ್ದೆ! ಹೋದ ಸಲಗಳಲ್ಲೆಲ್ಲ ಹಾಗೇ ಬಿಟ್ಟಿದ್ದೆನೆಂದು ಈಗ ನೆನಪಾಗುತ್ತದೆ. ಕಂಪ್ಯೂಟರ್ ಇರುವ ಕಡೆ ಚಪ್ಪಲಿಯಲ್ಲಿ ಹೋಗುವುದು ನನ್ನ ಕಾಲಿಗೇ ಒಗ್ಗುವುದಿಲ್ಲ. ಸರ್ ಕೂಡ ತಮ್ಮವನ್ನು ಬಿಟ್ಟೇ ಒಳಗೆ ಬಂದರು. ಅದಕ್ಕೇ ನನಗೆ ಸದ್ದು ಕೇಳಲಿಲ್ಲ.

ಗಾಜಿನಾಚೆ ನಿಂತು ನನ್ನನ್ನು ನೋಡಿದರು. ಆಮೇಲೆ ಪರದೆ ನೋಡಿದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

“ಅಂದ್ರ ನೀವೆಲ್ಲ ಕಿಟಕ್ಯಾಗ ನಿಂತು ನೋಡ್ತಿದ್ದಿರಿ” ಎಂದರು.

ನಾನು ಬಾಗಿಲು ದಾಟುವಾಗ ಮೆಲ್ಲಗೆ ಇನ್ನೊಂದು ಹೇಳಿದರು. ಎರಡು ಸಾವಿರದ ಇಸವಿಯ ಕಂಪ್ಯೂಟರ್ ಕಾಯ್ದೆ, ಕಲಂ ಅರವತ್ತಾರು, ಮೂರು ವರ್ಷ ಜೈಲು. ಸೋಮವಾರ ದೂರು ಕೊಡುತ್ತಾರಂತೆ.

ಮೂರು ವರ್ಷ! ಕಂಪ್ಯೂಟರಿನ ಕೈ ಕಾಲು ಮುರಿದಿದ್ದರೆ ಸರಿ. ನಾನು ಅದರ ಮೀನುಗಳನ್ನು ಓಡಿಸಿದ್ದೇನೆ ಅಷ್ಟೇ. ಮೀನುಗಳಿಗೆ ಮೂರು ವರ್ಷವೇ?

೨೮ ಜೂನ್, ಶನಿವಾರ

ಮನೆಯಲ್ಲಿ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಪಾಪ ಅವರು ಕೊಡೆ ಬೇರೆ ಹಿಡಿದಿದ್ದರೇನು ಎಂದು ಕೇಳಿದಳು. ಹೌದು ಎಂದೆ. ಅವ್ವ ಮತ್ತೆ ಬಡಿಯತೊಡಗಿದಳು, ಜೋರಾಗಿ.

ಅಪ್ಪನ ಮುಂದೆ ನನ್ನ ವಾದ ಮಂಡಿಸಿದೆ. ಮಾನ್ಯರೇ, ನಾನು ಏನನ್ನೂ ಕದ್ದಿಲ್ಲ, ಮುರಿದಿಲ್ಲ, ಅಳಿಸಿಲ್ಲ. ಕೀಲಿ ಅವರೇ ಕೈಮುಗಿದು ಕೊಟ್ಟದ್ದು. ಫಿರ್ಯಾದಿಯವರ ಮಂಡಿನೋವು ವಾಸಿಯಾಗಿದೆ. ಮನೆಗೆ ನುಗ್ಗಿದವನಿಗೂ ಪರದೆಗೆ ನುಗ್ಗಿದವಳಿಗೂ ಒಂದೇ ತೂಕವೇ?

ಅಪ್ಪ ನಗಲಿಲ್ಲ. ತಕ್ಕಡಿ ಸರಿ ಇಲ್ಲ, ಅದು ನಿಜ ಎಂದು ಒಪ್ಪಿದ. ಹಾಗಂತ ಮಾಡಿದ್ದು ಆಟವಲ್ಲ ಎಂದ. ಕೇಸು ಬಿದ್ದ ಮೇಲೆ ನೌಕರಿಯ ಆಸೆ ಬಿಡಬೇಕು ಎಂದ. ಆಮೇಲೆ ಸ್ವಲ್ಪ ಹೊತ್ತು ತನ್ನ ಬಿಳಿ ಡ್ರೆಸ್ಸಿನ ಗುಂಡಿ ನೋಡುತ್ತ ಕೂತ.

“ಕೂಡ್ಲಿಗಿ ಕೋರ್ಟಿಗೇ ಬರ್ತೈತಿ ಅದು” ಎಂದ. “ಅಲ್ಲಿ ಹೆಸರು ಕೂಗಾಂವ ನಾನs ಅದೀನಲ್ಲ, ಯವ್ವಾ.”

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಭೀಮರಾಜನ ಮಗಳು ಕ್ರಾಂತಿ, ಭೀಮರಾಜನ ಮಗಳು ಕ್ರಾಂತಿ, ಭೀಮರಾಜನ ಮಗಳು ಕ್ರಾಂತಿ. ಅಪ್ಪನ ಗಂಟಲು ಎಂಥದ್ದೆಂದರೆ ಕೋರ್ಟಿನ ಬೇವಿನ ಮರದಾಚೆ ಟೀ ಅಂಗಡಿಯವರೆಗೆ ಕೇಳಿಸುತ್ತದೆ.

ನನ್ನ ಹತ್ತಿರ ಬ್ರಹ್ಮಾಸ್ತ್ರವೊಂದಿದೆ. ಹದಿನಾಲ್ಕನೇ ತಾರೀಖಿನದು. ದೂರು ಕೊಟ್ಟರೆ ಏಳು ಜ್ವರದ ಕಥೆ ಊರಿಗೇ ಹೇಳುತ್ತೇನೆ ಎಂದರೆ ಸಾಕು, ಸರ್ ಸ್ಟೇಷನ್ ಮೆಟ್ಟಿಲು ಹತ್ತುವುದಿಲ್ಲ. ಶೈಲಾ ಬಂದಿದ್ದಳು. “ಲೇ ಕ್ರಾಂತಿ, ಒಳಗ ಏನರ ಸಿಕ್ಕಿದ್ರ ಹೇಳಲೇ, ಬಚಾವಾಗ್ತಿ” ಎಂದು ಅವಳೇ ಕೇಳಿದಳು. ಟೈಂಟೇಬಲ್ಲು ಎಂದೆ. ಅಸ್ತ್ರಗಳನ್ನು ಹೊತ್ತು ನೋಡಿ ಬಿಡಬೇಕು.

ಹದಿನಾಲ್ಕನೇ ತಾರೀಖಿನ ಹಾಳೆಯನ್ನು ಗಂಜಿ ಹಚ್ಚಿ ಹಿಂದಿನ ಹಾಳೆಗೆ ಅಂಟಿಸಿದ್ದೇನೆ. ಸೊಟ್ಟಗೆ ಅಂಟಿದೆ. ಪಕ್ಕದಿಂದ ಇಣುಕಿದರೆ ಇನ್ನೂ ಓದಲು ಬರುತ್ತದೆ. ಆದ್ದರಿಂದ ಈ ನೋಟ್‌ಬುಕ್ಕು ಈಗ ಟ್ರಂಕಿನಲ್ಲಿ, ಬೀಗದೊಳಗೆ.

೩೦ ಜೂನ್, ಸೋಮವಾರ

ಇಂದಿನ ಕಲಾಪ ದೀರ್ಘವಾಗಿದೆ. ಶಾಂತವಾಗಿ ಬರೆಯುತ್ತೇನೆ.

ಅಪ್ಪ ಅರ್ಧ ದಿನ ರಜೆ ಹಾಕಿದ. ಸ್ಟೇಷನ್ನಿಗೆ ಮನೆ ಅಂಗಿಯಲ್ಲಿ ಬಂದ. ಕೋರ್ಟಿನ ಡ್ರೆಸ್ಸು ಹಾಕಿಕೊಂಡರೆ ಶಿಫಾರಸು ಆಗುತ್ತದಂತೆ. ಸರ್ ಆಗಲೇ ಬೆಂಚಿನ ಮೇಲೆ ಕೂತಿದ್ದರು. ದೂರನ್ನು ಕಂಪ್ಯೂಟರಿನಲ್ಲಲ್ಲ, ಅಟ್ಟದಿಂದ ಟೈಪ್‌ರೈಟರ್ ಇಳಿಸಿ ಹೊಡೆದು ತಂದಿದ್ದರು. ಅಪ್ಪ ಕೈಮುಗಿದ. ಸರ್ ಕೂಡ ಮುಗಿದರು. ಇಬ್ಬರೂ ಬೇರೆ ಬೇರೆ ಗೋಡೆ ನೋಡಿದರು.

ಸ್ಟೇಷನ್ ರೈಟರ್ ಮಂಜಣ್ಣ ಎಂಬ ದಪ್ಪ ಮೀಸೆಯವರು. ದೂರನ್ನು ಎರಡು ಸಲ ಓದಿ, ಏನು ಕಳುವಾಗಿದೆ ಎಂದು ಕೇಳಿದರು. ಏನೂ ಇಲ್ಲ. ಬೀಗ ಮುರಿದಿದ್ದಾಳೆಯೇ? ಇಲ್ಲ. ಕಂಪ್ಯೂಟರ್ ಎಲ್ಲಿದೆ? ಇದ್ದಲ್ಲೇ ಇದೆ. ನಡೆಯುತ್ತಿದೆಯೇ? ಮೊದಲಿಗಿಂತ ಚೆನ್ನಾಗಿ ಎಂದು ಸರ್ ಪ್ರಾಮಾಣಿಕವಾಗಿ ಹೇಳಿದರು. ಮಂಜಣ್ಣ ಪೆನ್ನು ಕೆಳಗಿಟ್ಟು, ಇಂಥ ಕೇಸನ್ನು ತನಿಖೆ ಮಾಡಲು ಡಿವೈಎಸ್‌ಪಿ ಸಾಹೇಬರೇ ಬರಬೇಕು, ಅವರಿಗೆ ಕಳಿಸುವ ಮುಂಚೆ ನಾನು ಪೂರಾ ವಿವರ ಬರೆಯಬೇಕು ಎಂದರು. ಪೆನ್ನು ಮತ್ತೆ ಎತ್ತಿ ನನ್ನ ಕಡೆ ತಿರುಗಿದರು.

“ಒಳಗ ಏನೇನು ಓದಿದಿ? ಒಂದೊಂದs ಹೇಳು, ಬರ್ಕೊಂತೀನಿ.”

ಸರ್ ಮುಖ ನೋಡಿದೆ. ನೋಡಬಾರದಿತ್ತು. ಹುಡುಗರು ಟೈಪಿಂಗ್ ಪರೀಕ್ಷೆಯಲ್ಲಿ ಕೊನೆಯ ನಿಮಿಷಕ್ಕೆ ಕಾಗದ ಹರಿದುಕೊಂಡಾಗ ಮಾಡುವ ಮುಖ. ಅವರ ಕೈ ದೂರಿನ ಅಂಚನ್ನು ಸುರುಳಿ ಸುತ್ತುತ್ತಿತ್ತು.

“ಟೈಂಟೇಬಲ್ ಇತ್ತ್ರಿ. ಹಾಜರಿ ಇತ್ತ್ರಿ. ಮತ್ತೇನೂ ಇರ್ಲಿಲ್ರಿ” ಎಂದೆ.

ಬೇಕೆಂದೇನೂ ಹಾಗೆ ಹೇಳಲಿಲ್ಲ. ಚಿಕ್ಕ ಉತ್ತರ ಬಾಯಿಗೆ ಬಂತು, ಅಷ್ಟೇ. ಅಸ್ತ್ರ ಬಿಡಲು ಅದೇ ಸರಿಯಾದ ಹೊತ್ತಾಗಿತ್ತೆಂದು ಹೊರಗೆ ಬಂದ ಮೇಲೆ ನೆನಪಾಯಿತು.

ಟೈಂಟೇಬಲ್ ಓದಿದ್ದಕ್ಕೆ ಮೂರು ವರ್ಷ ಹಾಕಿಸೋಣವೇ ಎಂದು ಮಂಜಣ್ಣ ಸರ್ ಅವರನ್ನು ಕೇಳಿದರು. ಸರ್ ಅಪ್ಪನ ಕಡೆ ನೋಡಿದರು. ಅಪ್ಪ ನನ್ನ ಪಕ್ಕ ನೆಟ್ಟಗೆ ನಿಂತಿದ್ದ. ಕೋರ್ಟಿನ ಬಾಗಿಲಲ್ಲಿ ಹಾಗೇ ನಿಲ್ಲುತ್ತಾನೆ, ಹೆಸರು ಬರುವವರೆಗೆ.

ಸರ್ ದೂರನ್ನು ವಾಪಸು ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿದರು.

“ಬ್ಯಾಡ್ರಿ ಮಂಜಣ್ಣ. ಈ ಹುಡುಗಿ ಹೆಸರು ಭೀಮರಾಜನ ಬಾಯಾಗ ಕೂಗ್ಸಾಕ ನನಗ ಮನಸ್ಸಿಲ್ಲ.”

ಹೊರಗೆ ಹೋಟೆಲಿನಲ್ಲಿ ನಾಲ್ಕು ಮಂದಿ ಟೀ ಕುಡಿದೆವು. ಹೌದು, ಮಂಜಣ್ಣನೂ ಬಂದರು. ಅಪ್ಪ ಅವರಿಬ್ಬರ ಟೀಗೂ ಹಣ ಕೊಡಲು ಹೋಗಿ ಬೈಸಿಕೊಂಡ. ಎಲ್ಲರೂ ಎದ್ದ ಮೇಲೆ ಸರ್ ನನ್ನನ್ನು ಹಿಂದಕ್ಕೆ ನಿಲ್ಲಿಸಿ, ಅದನ್ನು ಓದಿದ್ದೀಯಲ್ಲ ಎಂದು ಕೇಳಿದರು. ಯಾವುದನ್ನು ಸರ್ ಎಂದೆ. ಅವರು ನನ್ನನ್ನು ನೋಡಿದರು, ನಾನು ಬಜ್ಜಿ ಕರಿಯುವ ಬಾಣಲೆ ನೋಡಿದೆ. ಭಾನುವಾರ ಹತ್ತಕ್ಕೆ ಬಾ, ಅರ್ಧ ಚಿತ್ರ ಹಾಕಿ ಬಿಟ್ಟಿದ್ದೀಯ, ಮುಗಿಸು ಎಂದರು. ಶಿಕ್ಷೆ ಅದು. ಪರೀಕ್ಷೆ ಮುಗಿಯುವವರೆಗೆ ಪ್ರತಿ ಭಾನುವಾರ ಅವರಿಗೆ ಸಿ ಭಾಷೆ ಹೇಳಿಕೊಡಬೇಕು.

ಸಂಜೆ ಊಟಕ್ಕೆ ಅಪ್ಪ ನನ್ನನ್ನು ಕೋರ್ಟಿನ ಗಂಟಲಿನಲ್ಲಿ ಮೂರು ಸಲ ಕೂಗಿದ. ಕೇರಿಯೆಲ್ಲ ಬಾಗಿಲಿಗೆ ಬಂತು. ನಾನು ಓಡಿಹೋಗಿ ಹಾಜರ್ ಎಂದೆ. ಅವ್ವ ನಕ್ಕು ನಕ್ಕು ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

೬ ಜುಲೈ, ಭಾನುವಾರ

ಮೊದಲ ಪಾಠ. ಪಾಯಿಂಟರ್ ಎಂದರೆ ಮನೆಯಲ್ಲ, ಮನೆಯ ನಂಬರು ಎಂದು ಚಿತ್ರ ಹಾಕಿ ಹೇಳಿದೆ. ಸರ್ ಬಹಳ ಹೊತ್ತು ನೋಡಿ, ಹಾಗಿದ್ದರೆ ನಂಬರು ಗೊತ್ತಾದ ಮಾತ್ರಕ್ಕೆ ಒಳಗೆ ಹೋಗಬೇಕೆಂದೇನೂ ಇಲ್ಲ ಎಂದರು. ನನ್ನ ಕಡೆ ನೋಡದೆ ಹೇಳಿದರು. ಮಾಸ್ತರರಿಗೆ ಪಾಠ ಮಾಡುವುದು ಕಷ್ಟ. ಉದಾಹರಣೆ ಕೊಟ್ಟರೆ ಅದರಿಂದಲೇ ಬಾರಿಸುತ್ತಾರೆ.

ನಾನೂ ಬಿಡಲಿಲ್ಲ. ನಿಜವಾಗಿ ಮೂರು ವರ್ಷ ಕೊಡಿಸುತ್ತಿದ್ದಿರಾ ಎಂದು ಕೇಳಿದೆ.

“ಮೂರು ವರ್ಷ ಹೆಚ್ಚಾತು ಅಂತ ನನಗೂ ಗೊತ್ತಿತ್ತು” ಎಂದರು. “ಆದ್ರ ಏನೂ ಆಗಿಲ್ಲ ಅಂತ ನೀನು ನಿಂತಿದ್ದಿಯಲ್ಲ, ಅದು ಕಡಿಮಿ ಆತು.”

ಸರಿಯಾದ ಅಳತೆ ಎಷ್ಟಿರಬಹುದು? ಎಂಟು ಭಾನುವಾರ ಎಂದು ಇಬ್ಬರೂ ಒಪ್ಪಿದೆವು. ಜೊತೆಗೆ ಕೇಂದ್ರದ ಒಂಬತ್ತೂ ಕಂಪ್ಯೂಟರಿನ ದೂಳು ಒರೆಸುವುದು. ನಾಳೆ ಜೆರಾಕ್ಸ್ ಮತ್ತು ಗೊಬ್ಬರದ ಅಂಗಡಿಗೆ ಹೋಗಿ ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಹೇಳಿಬರಬೇಕು. ಇದನ್ನು ಯಾರೂ ಹೇಳಲಿಲ್ಲ. ಸುಮ್ಮನೆ, ಆ ಕಡೆ ಹೇಗೂ ಹೋಗುವುದಿದೆ.

೨೭ ಜುಲೈ, ಭಾನುವಾರ

ಸರ್ ಇಂದು ಒಂದು ಪ್ರೋಗ್ರಾಂ ಸ್ವತಃ ಬರೆದರು. ನಡೆಯಿತು! ಎದ್ದು ನಿಂತು ಪರದೆಗೆ ನಮಸ್ಕಾರ ಮಾಡಿ, ಆಮೇಲೆ ಸಂಕೋಚದಿಂದ ನನಗೂ ಮಾಡಹೋದರು. ನಾನು ಮೇಜಿನ ಕೆಳಗೆ ಹೊಕ್ಕು ತಪ್ಪಿಸಿಕೊಂಡೆ.

ಬಿ.ಕಾಂ. ಪಾಸು, ಸೆಕೆಂಡ್ ಕ್ಲಾಸು. ಇದನ್ನು ಮೊದಲೇ ಬರೆಯಬೇಕಿತ್ತು, ಮರೆತೆ.

ಸರ್ ಅವರ ಬೆರಳು ಈಗ ಸಾಲಿನ ಕೊನೆಯ ಸೆಮಿಕೋಲನ್ ಮರೆಯುವುದಿಲ್ಲ. ಟೈಪಿಂಗಿನವರು, ನೋಡಿ. ಹೇಳಿದ್ದನ್ನು ಕೈಗೆ ಕಲಿಸಿಬಿಡುತ್ತಾರೆ, ತಲೆ ಆಮೇಲೆ ಬರುತ್ತದೆ.

೩೧ ಆಗಸ್ಟ್, ಭಾನುವಾರ

ಹೊಸಪೇಟೆಯಲ್ಲಿ ಪರೀಕ್ಷೆ. ಸರ್ ಮನೆಯವರಿಗೆ ಕೇಂದ್ರದ ಕೆಲಸ ಎಂದು ಹೇಳಿದ್ದರು, ನಾನು ಅವ್ವನಿಗೆ ಲೈಬ್ರರಿ ಎಂದು. ಬಸ್ಸಿನಲ್ಲಿ ಬೇರೆ ಬೇರೆ ಸೀಟು. ಮರಿಯಮ್ಮನಹಳ್ಳಿ ಬಂದಾಗ ಸರ್ ಕಿಟಕಿಯಿಂದ ಚಕ್ರ ನೋಡಿದರು. ನಾನು ಎದುರಿನ ಸೀಟಿನ ಹಿಂಬದಿಗೆ ಹಣೆ ಇಟ್ಟು ಕೂತೆ. ನಗಲಿಲ್ಲ. ಬಸ್ಸು ಕೆಡಲಿಲ್ಲ. ಯಾರಿಗೂ ಜ್ವರ ಇರಲಿಲ್ಲ.

ಮೂರು ತಾಸು ಗೇಟಿನ ಹೊರಗೆ ಹುಣಸೆ ಮರದ ಕೆಳಗೆ ಕೂತಿದ್ದೆ. ಕಾವಲಿನವರು ಬಂದು, ಒಳಗೆ ನಿಮ್ಮವರು ಬರೆಯುತ್ತಿದ್ದಾರೇನು ಎಂದು ಕೇಳಿದರು. ಹೌದು ಎಂದೆ.

೨೨ ಸೆಪ್ಟೆಂಬರ್, ಸೋಮವಾರ

ಪಾಸು. ಸಿ ಭಾಷೆಯಲ್ಲಿ ಅರವತ್ತೆಂಟು!

ಅದೆಲ್ಲ ಸರಿ. ಆದರೆ ಇಂದು ನನಗಾದ ಅನ್ಯಾಯವನ್ನು ದಾಖಲಿಸಲೇಬೇಕು.

ಸಂಜೆ ನಾಲ್ಕರ ಬ್ಯಾಚಿನಲ್ಲಿ, ಎಲ್ಲರೂ ಇರುವಾಗ, ಸರ್ ಪೇಡೆ ಹಂಚಿದರು. ಹಂಚಿ ಸುಮ್ಮನೆ ಕೂರಬೇಕೋ ಬೇಡವೋ? ಗಂಟಲು ಸರಿ ಮಾಡಿಕೊಂಡು, ನಾನು ಈ ಮೊದಲು ಎರಡು ಸಲ ಫೇಲಾಗಿದ್ದೆ ಎಂದರು. ಹದಿನಾಲ್ಕು, ಹನ್ನೊಂದು ಎಂದು ಕರಿಹಲಗೆಯ ಮೇಲೆ ಬರೆದು ತೋರಿಸಿದರು. ಆಮೇಲೆ ಏಳು ಪತ್ರಗಳನ್ನು ಪ್ರಿಂಟು ತೆಗೆದು ತಂದಿದ್ದವರು ಒಂದೊಂದಾಗಿ ಓದತೊಡಗಿದರು. ತಮ್ಮ ಜ್ವರ, ಮನೆಯವರ ಜ್ವರ, ಬಸ್ಸು. ಏಳನೆಯದಕ್ಕೆ ಬರುವ ಹೊತ್ತಿಗೆ ಅವರಿಗೇ ನಗು ತಡೆಯಲಾಗದೆ ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ಶೈಲಾ ಬೆಂಚಿನಿಂದ ಜಾರಿ ಕೆಳಗೆ ಕೂತಳು. ನಾಳೆಯಿಂದ ಸಿ ಭಾಷೆಯ ಬ್ಯಾಚು ತೆಗೆದುಕೊಳ್ಳುವವರು ಕ್ರಾಂತಿ ಮೇಡಂ ಎಂದೂ ಹೇಳಿದರಂತೆ. ನನಗೆ ಕೇಳಿಸಲಿಲ್ಲ. ನಾನು ಕೋಪದಲ್ಲಿದ್ದೆ.

ನೂರು ದಿನ! ಮಿರ್ಚಿ ತಿನ್ನುವಾಗ, ಶೈಲಾ ಪೀಡಿಸುವಾಗ, ಪೊಲೀಸರ ಮುಂದೆ, ಮರಿಯಮ್ಮನಹಳ್ಳಿ ದಾಟುವಾಗ, ತುಟಿ ಕಚ್ಚಿ ಹೊಟ್ಟೆಯಲ್ಲಿಟ್ಟುಕೊಂಡು ಕಾಯ್ದ ಗುಟ್ಟು. ಅದನ್ನು ಇವರು ಐದು ನಿಮಿಷದಲ್ಲಿ, ಪೇಡೆಯ ಜೊತೆಗೆ, ಪುಕ್ಕಟೆ ಹಂಚಿಬಿಟ್ಟರು.

ಮನೆಗೆ ಬಂದು ಅಪ್ಪನ ಮುಂದೆ ಫಿರ್ಯಾದು ಇಟ್ಟೆ. ಅಪ್ಪ ಪೇಡೆ ತಿನ್ನುತ್ತ ಪೂರಾ ಕೇಳಿದ. ತಮ್ಮ ಗುಟ್ಟನ್ನು ತಾವೇ ಹೇಳಿಕೊಂಡವರ ಮೇಲೆ ಯಾವ ಕಲಮೂ ಇಲ್ಲವಂತೆ. ಎರಡನೇ ಪೇಡೆಗೆ ಕೈ ಹಾಕಿ, ಪ್ರಕರಣ ವಜಾ ಎಂದ.